ನಾವು ಭೇಟಿ ಕೊಡದ ರೋಗಿಯ ಮನೆ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಇವತ್ತು ವಿದ್ಯಾರ್ಥಿವೇತನ ವಿತರಣೆ, ಪ್ರತಿಭಾ ಪುರಸ್ಕಾರ ಇರುವ ದಿನ. ಇಂಥ ಸಂತೋಷದ ಸಭೆಯಲ್ಲಿ ಆತ್ಮಹತ್ಯೆಯ ವಿಷಯ ಬೇಕೇ ಎಂದು ಕೆಲವು ಮಿತ್ರರು ಹಿಂಜರಿದರು. ಅವರ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಆದರೆ ಊರಿನ ಗಂಡಸರು, ಹೆಂಗಸರು, ಮಕ್ಕಳು, ಉಸ್ತಾದರು, ಆಸ್ಪತ್ರೆಯವರು ಎಲ್ಲರೂ ಒಂದೇ ಚಾವಣಿಯಡಿ ಕೂರುವ ದಿನ ವರ್ಷಕ್ಕೆ ಇದೊಂದೇ. ಸಾವಿನ ಮನೆಯಲ್ಲಿ ನಿಂತು ಈ ಮಾತು ಆಡುವುದಕ್ಕಿಂತ ಇಲ್ಲಿ ಆಡುವುದು ಮೇಲು.

ನೇರವಾಗಿ ವಿಷಯಕ್ಕೆ ಬರುತ್ತೇನೆ. ರೋಗಿಯನ್ನು ನೋಡಲು ಹೋಗುವುದು, ಅಂದರೆ ಇಯಾದತ್, ನಮ್ಮಲ್ಲಿ ಎಷ್ಟು ದೊಡ್ಡ ಪುಣ್ಯಕಾರ್ಯ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಯಾರಿಗಾದರೂ ಮಣಿಪಾಲದಲ್ಲಿ ಹೃದಯದ ಆಪರೇಷನ್ ಆದರೆ, ಆಗುಂಬೆ ಘಾಟಿ ಇಳಿದು ಹೋಗಿ ನೋಡಿಕೊಂಡು ಬರುತ್ತೇವೆ. ಮನೆಗೆ ಬಂದ ಮೇಲೆ ಮೂಸಂಬಿ, ಬಿಸ್ಕತ್ತು ಹಿಡಿದು ಇನ್ನೊಮ್ಮೆ ಹೋಗುತ್ತೇವೆ. ಕಾಲು ಮುರಿದವನನ್ನು, ಡೆಂಗಿಯಿಂದ ಎದ್ದವನನ್ನು, ಹೆರಿಗೆಯಾದವಳನ್ನು ನೋಡಲು ಹೋಗದಿದ್ದರೆ ನಂಟಸ್ತಿಕೆಯೇ ಕೆಡುತ್ತದೆ. ಆದರೆ ಪ್ರಾಣ ಕಳೆದುಕೊಳ್ಳಲು ಹೋಗಿ, ದೇವರ ದಯೆಯಿಂದ ಬದುಕಿ, ಶಿವಮೊಗ್ಗದ ಆಸ್ಪತ್ರೆಯಿಂದ ಮನೆಗೆ ಬಂದವರನ್ನು ನೋಡಲು ಯಾರು ಹೋಗುತ್ತಾರೆ? ಆ ಮನೆಯ ಬಾಗಿಲು ಮುಚ್ಚಿರುತ್ತದೆ. ಮನೆಯವರು ‘ಹೊಟ್ಟೆನೋವು’ ಎನ್ನುತ್ತಾರೆ. ನಾವು ನಂಬಿದಂತೆ ನಟಿಸುತ್ತೇವೆ. ಆಮೇಲೆ ರಸ್ತೆಯ ತಿರುವಿನಲ್ಲಿ ನಿಂತು ಪಿಸುಗುಟ್ಟುತ್ತೇವೆ. ಯಾರನ್ನು ಎಲ್ಲರಿಗಿಂತ ಹೆಚ್ಚು ಸಲ ನೋಡಲು ಹೋಗಬೇಕಿತ್ತೋ ಅವರೊಬ್ಬರನ್ನೇ ನಾವು ಬಿಟ್ಟುಬಿಡುತ್ತೇವೆ. ನನ್ನ ಇಂದಿನ ಭಾಷಣವೆಲ್ಲ ಈ ಒಂದು ಮನೆಯ ಸುತ್ತ.

ಮೊದಲು ಕೆಲವು ಅಂಕಿಅಂಶ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ಪ್ರತಿವರ್ಷ 7 ಲಕ್ಷ 20 ಸಾವಿರಕ್ಕೂ ಹೆಚ್ಚು ಜನ ಆತ್ಮಹತ್ಯೆಯಿಂದ ಸಾಯುತ್ತಾರೆ. ನಮ್ಮ ದೇಶದ ಅಪರಾಧ ದಾಖಲೆಗಳ ಬ್ಯೂರೋ 2022ರಲ್ಲಿ ದಾಖಲಿಸಿದ ಸಂಖ್ಯೆ 1,70,924. ಅದರಲ್ಲಿ ಕರ್ನಾಟಕದ ಪಾಲು 13,606. ಅಂದರೆ ದಿನಕ್ಕೆ ಸುಮಾರು 37 ಮಂದಿ. ದೇಶದ ಲೆಕ್ಕದಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ದಿನಗೂಲಿಯವರು. ಆ ವರ್ಷ ಸತ್ತ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು, 25 ಸಾವಿರಕ್ಕೂ ಮಿಕ್ಕಿ, ಗೃಹಿಣಿಯರು. ವಿದ್ಯಾರ್ಥಿಗಳು 13 ಸಾವಿರ. ಇವು ಪೊಲೀಸ್ ದಾಖಲೆಗೆ ಬಂದವು ಮಾತ್ರ. ಜಾರಿ ಬಿದ್ದದ್ದು, ಗೊತ್ತಿಲ್ಲದೆ ಕುಡಿದದ್ದು ಎಂದು ಬರೆಸಿದ ಸಾವುಗಳು ಇದರಲ್ಲಿ ಬರುವುದಿಲ್ಲ. ಪ್ರಯತ್ನಿಸಿ ಬದುಕಿದವರ ಸಂಖ್ಯೆಯಂತೂ ಸತ್ತವರಿಗಿಂತ ಹಲವು ಪಟ್ಟು.

ಇನ್ನು ನಮ್ಮ ಮಲೆನಾಡಿನ ಸಂಗತಿ. ಹೊರಗಿನವರು ಬಂದು ತುಂಗೆಯನ್ನು, ಭದ್ರೆಯ ಹಿನ್ನೀರನ್ನು, ಹಸಿರು ತೋಟಗಳನ್ನು ನೋಡಿ ಇಲ್ಲಿಯವರಿಗೆ ಚಿಂತೆಯೇ ಇಲ್ಲವೆಂದು ಹೇಳಿ ಹೋಗುತ್ತಾರೆ. ಅವರು ನೋಡುವುದು ಡಿಸೆಂಬರ್ ತಿಂಗಳನ್ನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂಟಿಮನೆಯಲ್ಲಿ, ಕರೆಂಟಿಲ್ಲದೆ, ಮೊಬೈಲಿಗೆ ಸಿಗ್ನಲ್ ಇಲ್ಲದೆ, ದಿನಗಟ್ಟಲೆ ಮನೆಯವರನ್ನು ಬಿಟ್ಟರೆ ಬೇರೆ ಮುಖ ಕಾಣದೆ ಕಳೆಯುವುದೆಂದರೆ ಏನೆಂದು ನಮಗೆ ಗೊತ್ತು. ಬಯಲುಸೀಮೆಯ ಊರಿನಲ್ಲಿ ಗೋಡೆಗೆ ಗೋಡೆ ತಾಗಿರುತ್ತದೆ. ಒಬ್ಬರ ಮನೆಯ ಅಳು ಇನ್ನೊಬ್ಬರಿಗೆ ಕೇಳುತ್ತದೆ. ನಮ್ಮಲ್ಲಿ ಎರಡು ಮನೆಗಳ ನಡುವೆ ಒಂದು ತೋಟ, ಒಂದು ಹಳ್ಳ.

ಅದಕ್ಕೆ ಅಡಿಕೆಯ ಕಥೆ ಸೇರಿಸಿಕೊಳ್ಳಿ. ಹಳದಿ ಎಲೆ ರೋಗ ದಶಕಗಳಿಂದ ಶೃಂಗೇರಿ, ಕೊಪ್ಪ ಕಡೆಯ ತೋಟಗಳನ್ನು ತಿನ್ನುತ್ತಾ ಬಂದಿದೆ. ಮಳೆ ಜೋರಾದರೆ ಕೊಳೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ. ತೋಟ ಹೋದರೆ ತೋಟದವರಷ್ಟೇ ಸೋಲುವುದಿಲ್ಲ. ಕೊನೆ ತೆಗೆಯುವವ, ಅಡಿಕೆ ಸುಲಿಯುವ ಹೆಂಗಸು, ಚೇಣಿ ವ್ಯಾಪಾರಿ, ಲೋಡು ಹೊಡೆಯುವ ಗಾಡಿಯವ, ಸಂತೆಯಲ್ಲಿ ಬಟ್ಟೆ ಹರಡುವವ, ಮೀನು ಮಾರುವವ, ಎಲ್ಲರ ಕೈಯೂ ಒಟ್ಟಿಗೇ ಖಾಲಿಯಾಗುತ್ತದೆ. ಈ ಪಟ್ಟಿಯಲ್ಲಿ ನಮ್ಮವರು ಎಷ್ಟು ಮಂದಿಯಿದ್ದಾರೆ ಎಂದು ನೀವೇ ಎಣಿಸಿ. ಓದಿದ ಮಕ್ಕಳು ಬೆಂಗಳೂರಿಗೋ ಗಲ್ಫ್‌ಗೋ ಹೋಗಿ, ದೊಡ್ಡ ಮನೆಯಲ್ಲಿ ವಯಸ್ಸಾದ ಇಬ್ಬರೇ ಉಳಿದಿರುವುದೂ ಈಗ ಮಾಮೂಲು. ಇಬ್ಬರಲ್ಲಿ ಒಬ್ಬರು ಹೋದರೆ ಉಳಿದವರ ಜೊತೆ ಮಾತನಾಡಲು ಟಿವಿ ಒಂದೇ.

ಹಾಗೆಂದು ‘ಸಾಲದಿಂದ ಸತ್ತ’, ‘ಪರೀಕ್ಷೆಯಿಂದ ಸತ್ತಳು’ ಎಂದು ಒಂದೇ ಸಾಲಿನಲ್ಲಿ ತೀರ್ಪು ಕೊಡುವ ಅಭ್ಯಾಸ ಬಿಡಬೇಕು. ಕರ್ನಾಟಕದಲ್ಲಿ ರೈತರ ಆತ್ಮಹತ್ಯೆಗಳು ದೊಡ್ಡ ಚರ್ಚೆಯಾದಾಗ ಸರ್ಕಾರ ಡಾ. ಜಿ.ಕೆ. ವೀರೇಶ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ನೇಮಿಸಿತು. 2002ರಲ್ಲಿ ಬಂದ ವರದಿ ಸಾಲ, ಬೆಳೆನಷ್ಟಗಳ ಜೊತೆಗೆ ಕುಡಿತ, ಕಾಯಿಲೆ, ಕುಟುಂಬದ ಕಲಹಗಳನ್ನೂ ಹೆಸರಿಸಿತು. ಸರ್ಕಾರ ಹೊಣೆ ತಪ್ಪಿಸಿಕೊಳ್ಳಲು ಇದನ್ನು ಬಳಸುತ್ತದೆ ಎಂಬ ಟೀಕೆ ಬಂತು. ಆ ಟೀಕೆಯಲ್ಲೂ ಹುರುಳಿತ್ತು. ಆದರೆ ಹಲವು ನೂಲು ಸೇರಿ ಒಂದು ಗಂಟಾಗುತ್ತದೆ ಎಂಬ ಮಾತು ನಿಜ. ಸಾಲದ ಹಿಂದೆ ಮಗಳ ಮದುವೆ ಇರುತ್ತದೆ, ಅದರ ಹಿಂದೆ ಯಾರಿಗೂ ಹೇಳದ ಖಿನ್ನತೆ ಇರುತ್ತದೆ, ಅದರ ಮೇಲೆ ಸಂಜೆಯ ಒಂದು ಬಾಟಲಿ. ನಮ್ಮಲ್ಲಿ ಕುಡಿತವಿಲ್ಲ ಎಂಬುದು ಸಭೆಗಳಲ್ಲಿ ಹೇಳಲು ಚೆನ್ನಾಗಿರುವ ಮಾತು. ಆಸ್ಪತ್ರೆಯ ಹೊರರೋಗಿ ಚೀಟಿಗಳು ಅದನ್ನು ಒಪ್ಪುವುದಿಲ್ಲ. ಹರಾಮ್ ಆಗಿರುವುದರಿಂದ ಕುಡಿಯುವವನು ಅಡಗಿ ಕುಡಿಯುತ್ತಾನೆ, ಚಿಕಿತ್ಸೆಗೂ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಹಲವು ನೂಲು ಎಂಬುದು ಒಳ್ಳೆಯ ಸುದ್ದಿಯೂ ಹೌದು. ಯಾವುದಾದರೂ ಒಂದು ನೂಲನ್ನು ಸಡಿಲಿಸಿದರೂ ಗಂಟು ಬಿಚ್ಚಬಹುದು.

ಈಗ ದೀನಿನ ಮಾತು. ನಾನು ಆಲಿಮ್ ಅಲ್ಲ, ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿದವ. ಆತ್ಮಹತ್ಯೆ ದೊಡ್ಡ ಪಾಪ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆ ನಂಬಿಕೆ ಎಷ್ಟೋ ಜನರನ್ನು ಕಡೆಯ ಗಳಿಗೆಯಲ್ಲಿ ತಡೆದಿದೆ. ಅದು ನಿಜವಾದ ರಕ್ಷಣೆ. ಆದರೆ ಅದೇ ಮಾತನ್ನು ನೋವಿನಲ್ಲಿರುವವರ ತಲೆಯ ಮೇಲೆ ಕಲ್ಲಿನಂತೆ ಹೇರಿದಾಗ ಏನಾಗುತ್ತದೆ? ‘ಇಂಥ ಯೋಚನೆ ಬಂತೆಂದರೆ ನಿನ್ನ ಈಮಾನ್ ಸರಿಯಿಲ್ಲ’ ಎಂದರೆ ಅವರು ಯೋಚಿಸುವುದನ್ನು ನಿಲ್ಲಿಸುವುದಿಲ್ಲ, ಹೇಳುವುದನ್ನು ನಿಲ್ಲಿಸುತ್ತಾರೆ. ಹಝ್ರತ್ ಯಾಕೂಬ್ ಅವರು ಮಗ ಯೂಸುಫ್‌ಗಾಗಿ ದೃಷ್ಟಿ ಮಂಜಾಗುವಷ್ಟು ಅತ್ತರು. ಹಝ್ರತ್ ಮರ್ಯಮ್ ಪ್ರಸವದ ನೋವಿನ ಒಂಟಿತನದಲ್ಲಿ ಬದುಕೇ ಬೇಡವೆನಿಸುವಷ್ಟು ನೊಂದರು ಎಂಬುದನ್ನು ಕುರ್‌ಆನ್ ಮುಚ್ಚಿಟ್ಟಿಲ್ಲ. ಆಗ ಅವರಿಗೆ ದೊರೆತದ್ದು ಬೈಗುಳವಲ್ಲ. ಸಾಂತ್ವನ, ನೀರು, ಖರ್ಜೂರ. ಪ್ರವಾದಿ(ಸ)ಯವರು ಪತ್ನಿ ಖದೀಜಾ ಮತ್ತು ದೊಡ್ಡಪ್ಪ ಅಬೂತಾಲಿಬರನ್ನು ಕಳೆದುಕೊಂಡ ವರ್ಷವನ್ನು ಇತಿಹಾಸ ದುಃಖದ ವರ್ಷವೆಂದೇ ಕರೆಯುತ್ತದೆ. ದುಃಖ ಈಮಾನಿನ ಕೊರತೆಯಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೇ?

ಸುಮಾರು 1,100 ವರ್ಷಗಳ ಹಿಂದೆ ಬಲ್ಖ್ ನಗರದ ಕಡೆಯ ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸು ಎರಡರ ಆರೋಗ್ಯವನ್ನೂ ಕುರಿತು ಒಂದೇ ಗ್ರಂಥ ಬರೆದರು. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ಕಾಣದ ದುಃಖ ಬೇರೆ ಎಂದು ಅವರು ವಿಂಗಡಿಸಿದ್ದರು. ಎರಡನೆಯದಕ್ಕೆ ದೇಹದ ಚಿಕಿತ್ಸೆಯೂ ಬೇಕೆಂದರು. ತುರ್ತಿಗೆಂದು ಮನೆಯಲ್ಲಿ ಔಷಧಿ ಇಟ್ಟುಕೊಳ್ಳುವಂತೆ, ಮನಸ್ಸು ಕುಸಿಯುವ ಗಳಿಗೆಗೆಂದು ಒಳ್ಳೆಯ ಯೋಚನೆಗಳನ್ನು ಮೊದಲೇ ಕೂಡಿಟ್ಟುಕೊಳ್ಳಬೇಕು ಎಂಬುದು ಅವರ ಸಲಹೆ. ಇಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹೇಳುವುದೂ ಹೆಚ್ಚುಕಡಿಮೆ ಇದೇ. ಆದ್ದರಿಂದ ಮಾತ್ರೆ ನುಂಗುವುದು ಬೇಡ, ದುಆ ಸಾಕು ಎನ್ನುವವರಿಗೆ ನಾನು ಹೇಳುವುದಿಷ್ಟೇ: ಸಕ್ಕರೆ ಕಾಯಿಲೆಗೆ ನೀವು ದುಆ ಮಾಡುತ್ತೀರಿ, ಇನ್ಸುಲಿನ್ ಕೂಡ ಚುಚ್ಚಿಸಿಕೊಳ್ಳುತ್ತೀರಿ. ಇಲ್ಲೂ ಹಾಗೆಯೇ.

ಜನಾಝದ ಪ್ರಶ್ನೆಯನ್ನೂ ಮರೆಯುವಂತಿಲ್ಲ. ಆತ್ಮಹತ್ಯೆಯಿಂದ ಸತ್ತವರಿಗೆ ಜನಾಝ ನಮಾಝ್ ಇಲ್ಲ ಎಂದು ಕೆಲವು ಕಡೆ ಗದ್ದಲವಾಗುತ್ತದೆ. ಆ ಭಯಕ್ಕೇ ಎಷ್ಟೋ ಕುಟುಂಬಗಳು ಸುಳ್ಳು ಹೇಳುತ್ತವೆ. ಪ್ರವಾದಿ(ಸ)ಯವರು ಅಂಥ ಒಬ್ಬರಿಗೆ ತಾವೇ ನಮಾಝ್ ನಿರ್ವಹಿಸಲಿಲ್ಲ ಎಂಬ ಹದೀಸ್ ಇದೆ. ಅದರಿಂದ ಬಹುಪಾಲು ವಿದ್ವಾಂಸರು ತೆಗೆದ ತೀರ್ಮಾನ, ಊರಿನ ಗಣ್ಯ ಇಮಾಮರು ಬೇಕಾದರೆ ಹಿಂದೆ ಸರಿಯಬಹುದು, ಆದರೆ ನಮಾಝ್ ನಡೆಯಲೇಬೇಕು ಎಂಬುದು. ಮಲೆನಾಡಿನ ನಮ್ಮ ಜಮಾಅತ್‌ಗಳಲ್ಲಿ ಹನಫಿಗಳೂ ಇದ್ದೇವೆ, ಶಾಫಿಈಗಳೂ ಇದ್ದೇವೆ. ಈ ವಿಷಯದಲ್ಲಿ ಎರಡೂ ಮದ್‌ಹಬ್‌ಗಳ ಪ್ರಬಲ ಅಭಿಪ್ರಾಯ ಒಂದೇ. ಖತೀಬರು ಇದನ್ನು ಒಂದು ಶುಕ್ರವಾರ, ಯಾರ ಸಾವೂ ಇಲ್ಲದ ಒಂದು ಶಾಂತ ಶುಕ್ರವಾರ, ಮಿಂಬರ್‌ನಿಂದ ಹೇಳಿಬಿಟ್ಟರೆ ಎಷ್ಟೋ ಮನೆಗಳ ಎದೆಭಾರ ಇಳಿಯುತ್ತದೆ.

ಮತ್ತೆ ಆ ಮುಚ್ಚಿದ ಬಾಗಿಲಿನ ಮನೆಗೆ ಬರೋಣ. ಅಲ್ಲಿಗೆ ಹೋಗುವುದರಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಒಂದು ಅಧ್ಯಯನದ ವಿಷಯ ಹೇಳುತ್ತೇನೆ. ಆರೋಗ್ಯ ಕಾರ್ಯಕರ್ತರು ದಯವಿಟ್ಟು ಗಮನಿಸಿ. ವಿಶ್ವ ಆರೋಗ್ಯ ಸಂಸ್ಥೆ ಬ್ರೆಜಿಲ್, ಭಾರತ, ಶ್ರೀಲಂಕಾ, ಇರಾನ್, ಚೀನಾ ದೇಶಗಳ ಎಂಟು ಆಸ್ಪತ್ರೆಗಳಲ್ಲಿ, ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕಿದ 1,867 ಮಂದಿಯನ್ನು ಸೇರಿಸಿ ಒಂದು ಪರೀಕ್ಷೆ ನಡೆಸಿತು. ನಮ್ಮ ದೇಶದ ಕೇಂದ್ರ ಚೆನ್ನೈ. ಅರ್ಧ ಜನರಿಗೆ ಆಸ್ಪತ್ರೆಯ ಮಾಮೂಲು ಚಿಕಿತ್ಸೆ. ಉಳಿದರ್ಧಕ್ಕೆ ಅದರ ಜೊತೆ ಎರಡೇ ಎರಡು ಹೆಚ್ಚುವರಿ: ಮನೆಗೆ ಕಳಿಸುವ ಮುನ್ನ ಒಂದು ಗಂಟೆ ಎದುರು ಕೂತು ಮಾತು, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನು ಅಥವಾ ಭೇಟಿ. ಮೊದಲ ವಾರ, ಎರಡನೆಯ ವಾರ, ನಾಲ್ಕು, ಏಳು, ಹನ್ನೊಂದನೆಯ ವಾರ, ಆಮೇಲೆ ನಾಲ್ಕು, ಆರು, ಹನ್ನೆರಡು, ಹದಿನೆಂಟನೆಯ ತಿಂಗಳು. ದುಬಾರಿ ಔಷಧಿಯಿಲ್ಲ, ಯಂತ್ರವಿಲ್ಲ. ಹೇಗಿದ್ದೀರಿ, ಏನು ತೊಂದರೆ, ಎಲ್ಲಿಗೆ ಕಳಿಸೋಣ, ಇಷ್ಟೇ. 2008ರಲ್ಲಿ ಪ್ರಕಟವಾದ ಫಲಿತಾಂಶ: ಮಾಮೂಲು ಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ 2.2 ಮಂದಿ ಮತ್ತೆ ಆತ್ಮಹತ್ಯೆಯಿಂದ ಸತ್ತಿದ್ದರು. ಭೇಟಿ ಕೊಟ್ಟ ಗುಂಪಿನಲ್ಲಿ 0.2.

ಈ ಒಂಬತ್ತು ಭೇಟಿಗಳ ಪಟ್ಟಿಯನ್ನು ಓದಿದಾಗ ನನಗೆ ನೆನಪಾದದ್ದು ಇಯಾದತ್. ಒಂದು ಸಲ ಹೋಗಿ ಮುಖ ತೋರಿಸಿ ಬರುವುದಲ್ಲ, ಲೆಕ್ಕವಿಟ್ಟು ಹೋಗುವುದು. ಹೆಚ್ಚು ಅಪಾಯವಿರುವುದು ಮನೆಗೆ ಬಂದ ಮೊದಲ ವಾರಗಳಲ್ಲಿ, ಅಂದರೆ ನಾವೆಲ್ಲ ಮುಖ ತಪ್ಪಿಸುವ ವಾರಗಳಲ್ಲಿ. ಪ್ರತಿ ಜಮಾಅತ್‌ನಲ್ಲೂ ಇಬ್ಬರು ಗಂಡಸರು, ಇಬ್ಬರು ಹೆಂಗಸರು ಈ ಕೆಲಸಕ್ಕೆ ಸಾಕು. ಬಾಯಿ ಬಿಗಿ ಇರುವವರಾಗಬೇಕು. ಸಮಿತಿ, ಪದಾಧಿಕಾರಿ, ಬ್ಯಾನರ್ ಯಾವುದೂ ಬೇಡ. ಬ್ಯಾನರ್ ಕಟ್ಟಿದ ದಿನ ಆ ಮನೆಯವರು ಬಾಗಿಲು ತೆರೆಯುವುದಿಲ್ಲ. ಆಶಾ ಕಾರ್ಯಕರ್ತೆ ಹೇಗೂ ಬಾಣಂತಿಯ ಮನೆಗೆ ದಿನ ಎಣಿಸಿ ಹೋಗುತ್ತಾಳೆ. ಮನೆಯವರು ಒಪ್ಪಿದರೆ ಅದೇ ದಾರಿಯಲ್ಲಿ ಇದೊಂದು ಮನೆಯೂ ಸೇರಲಿ. ಆ ಮನೆ ನಮ್ಮವರದೇ ಆಗಿರಬೇಕೆಂದೂ ಇಲ್ಲ. ಮಲೆನಾಡಿನಲ್ಲಿ ನೆರೆಮನೆ ಎಂದರೆ ಹತ್ತಿರದ ಮನೆ, ಅದು ಯಾರದಾದರೂ ಸರಿ.

ಹೋಗಿ ಏನು ಮಾತನಾಡುವುದು? ಉಪದೇಶ ಬೇಡ. ‘ಮಕ್ಕಳ ಮುಖ ನೋಡಬಾರದಿತ್ತಾ’ ಎಂಬ ಮಾತು ಬೇಡವೇ ಬೇಡ. ಅವರು ಅದನ್ನು ತಮಗೆ ತಾವೇ ಸಾವಿರ ಸಲ ಹೇಳಿಕೊಂಡಿರುತ್ತಾರೆ. ಕೂತುಕೊಳ್ಳಿ, ಚಹಾ ಕುಡಿಯಿರಿ, ಕೇಳಿ. ಆಮೇಲೆ ನೇರವಾಗಿಯೇ ಕೇಳಿ: ಸಾಯಬೇಕೆಂಬ ಯೋಚನೆ ಈಗಲೂ ಬರುತ್ತದೆಯೇ? ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ ಎಂದು ಎಲ್ಲರೂ ಹೆದರುತ್ತಾರೆ, ವೈದ್ಯರೂ ಹೆದರುತ್ತಾರೆ. ಅಧ್ಯಯನಗಳು ಹೇಳುವುದು ಬೇರೆ. ಕೇಳುವುದರಿಂದ ಯೋಚನೆ ಹೆಚ್ಚುವುದಿಲ್ಲ. ಕೊನೆಗೂ ಯಾರೋ ಕೇಳಿದರಲ್ಲ ಎಂದು ಹಗುರಾಗುವವರೇ ಹೆಚ್ಚು. ಹೌದು ಎಂಬ ಉತ್ತರ ಬಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. ‘ನಿಮ್ಮನ್ನು ಉಳಿಸುವವರಿಗೆ ಮಾತ್ರ ಹೇಳುತ್ತೇನೆ’ ಎನ್ನಿ. ಒಮ್ಮೆ ಪ್ರಯತ್ನಿಸಿದವರು ಹೇಗೂ ಮತ್ತೆ ಮಾಡಿಯೇ ತೀರುತ್ತಾರೆ ಎಂಬ ಮಾತೂ ಸುಳ್ಳು. ತೀವ್ರ ಪ್ರಯತ್ನದಿಂದ ಬದುಕಿ ಉಳಿದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಆ ಗಳಿಗೆ ದಾಟಿದರೆ ಬದುಕು ಹಿಂದಕ್ಕೆ ಬರುತ್ತದೆ.

ಗಳಿಗೆ ದಾಟಿಸುವ ಮಾತು ಬಂದದ್ದರಿಂದ ತೋಟದ ಔಷಧಿಗಳ ಬಗ್ಗೆ ಹೇಳಬೇಕು. ಶ್ರೀಲಂಕಾ ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ಹೆಚ್ಚು ಆತ್ಮಹತ್ಯೆಗಳ ದೇಶಗಳಲ್ಲಿ ಒಂದಾಗಿತ್ತು. ಅಲ್ಲಿಯ ಸರ್ಕಾರ ಅತ್ಯಂತ ವಿಷಕಾರಿಯಾದ ಕೀಟನಾಶಕಗಳನ್ನು 1984ರಿಂದ ಹಂತಹಂತವಾಗಿ ನಿಷೇಧಿಸಿತು. 1995ರಿಂದ 2015ರೊಳಗೆ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇಕಡ 70ರಷ್ಟು ಇಳಿಯಿತು. ಉಳಿದ ಜೀವಗಳು 93 ಸಾವಿರ ಎಂಬುದು ಸಂಶೋಧಕರ ಅಂದಾಜು. ಜನರ ಕಷ್ಟ ಕಡಿಮೆಯಾಗಿರಲಿಲ್ಲ, ಆ ಇಪ್ಪತ್ತು ವರ್ಷಗಳ ಬಹುಭಾಗ ಅಲ್ಲಿ ಯುದ್ಧವೇ ನಡೆದಿತ್ತು. ಕೈಗೆ ಸಿಗುವ ವಸ್ತು ಮಾತ್ರ ಬದಲಾಗಿತ್ತು. ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ಡಾ. ಲಕ್ಷ್ಮಿ ವಿಜಯಕುಮಾರ್ ಅವರ ತಂಡ ಇನ್ನೊಂದು ಪ್ರಯೋಗ ಮಾಡಿತು. ಬ್ಯಾಂಕಿನ ಲಾಕರಿನಂತೆ ಹಳ್ಳಿಗೊಂದು ಸಾಮೂಹಿಕ ಕೋಠಿ, ರೈತನಿಗೊಂದು ಬೀಗದ ಪೆಟ್ಟಿಗೆ. ಆ ಹಳ್ಳಿಗಳಲ್ಲಿ ಇಂಥ ಪ್ರಕರಣಗಳು ಇಳಿದವು. ಆದರೆ ಶ್ರೀಲಂಕಾದಲ್ಲಿ ಮನೆಮನೆಗೂ ಬೀಗದ ಪೆಟ್ಟಿಗೆ ಹಂಚಿ ನಡೆಸಿದ, 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅಂಥ ಫಲ ಕಾಣಲಿಲ್ಲ. ಬೀಗದ ಕೈ ಅದೇ ಮನೆಯ ಮೊಳೆಗೆ ನೇತಾಡುತ್ತಿದ್ದರೆ ಅದು ಬೀಗವಲ್ಲ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಆದ್ದರಿಂದ ನನ್ನ ಸಲಹೆ: ಔಷಧಿಯನ್ನು ಬೇಕಾದ ದಿನ, ಬೇಕಾದಷ್ಟೇ ತನ್ನಿ. ಉಳಿದದ್ದನ್ನು ವಾಸದ ಮನೆಯಲ್ಲಿ, ಬಚ್ಚಲ ಅಟ್ಟದಲ್ಲಿ ಇಡಬೇಡಿ. ನಾಲ್ಕೈದು ತೋಟದವರು ಸೇರಿ ದೂರದಲ್ಲಿ ಒಂದು ಕಡೆ ಇಟ್ಟುಕೊಳ್ಳಿ. ಮನೆಯಲ್ಲಿ ಈಗಾಗಲೇ ಕುಸಿದ ಮನಸ್ಸಿನವರಿದ್ದರೆ ಇದು ಇವತ್ತೇ ಆಗಬೇಕಾದ ಕೆಲಸ. ಕಾಯಿಲೆಯ ಮಾತ್ರೆಗಳನ್ನೂ ಮನೆಯ ಇನ್ನೊಬ್ಬರು ಇಟ್ಟುಕೊಂಡು ಕೊಡುವುದು ಒಳ್ಳೆಯದು.

ವೈದ್ಯಮಿತ್ರರಿಗೆ, ದಾದಿಯರಿಗೆ ಕಾನೂನಿನ ಒಂದು ಮಾತು. ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ 309ನೇ ಕಲಮಿನ ಭಯ ಇನ್ನೂ ಜನರಲ್ಲಿದೆ. ಮಾನಸಿಕ ಆರೋಗ್ಯ ಕಾಯಿದೆ, 2017, ಜಾರಿಗೆ ಬಂದದ್ದು 2018ರ ಮೇ 29ರಂದು. ಅದರ 115ನೇ ಕಲಮು ಹೇಳುವುದೇನೆಂದರೆ, ಹೀಗೆ ಪ್ರಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಅವರ ಆರೈಕೆ ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309ನೇ ಕಲಮೇ ಇಲ್ಲ. ಸರ್ಕಾರಿ ನೌಕರರನ್ನು ಬಲವಂತಪಡಿಸಲು ಮಾಡುವ ಪ್ರಯತ್ನವೊಂದನ್ನೇ 226ನೇ ಕಲಮಿನಲ್ಲಿ ಉಳಿಸಿಕೊಂಡಿದ್ದಾರೆ. ಪೊಲೀಸ್ ಕೇಸಾಗುತ್ತದೆಂದು ಹೆದರಿ ರೋಗಿಯನ್ನು ಮನೆಯಲ್ಲೇ ಇಟ್ಟುಕೊಂಡು ಹೊತ್ತು ಕಳೆಯುವವರಿಗೆ ಇದನ್ನು ತಿಳಿಸಿ. ಇದು ಮೆಡಿಕೋ ಲೀಗಲ್ ಕೇಸು, ಬೇರೆ ಕಡೆ ಹೋಗಿ ಎಂದು ಬಾಗಿಲಲ್ಲೇ ಕಳಿಸುವ ಆಸ್ಪತ್ರೆಗಳಿಗೆ, ಮೊದಲು ಚಿಕಿತ್ಸೆ ಆಮೇಲೆ ಕಾಗದ ಎಂಬ ಸುಪ್ರೀಂ ಕೋರ್ಟ್ ತೀರ್ಪು 1989ರಲ್ಲೇ, ಪರಮಾನಂದ ಕಟಾರಾ ಪ್ರಕರಣದಲ್ಲಿ, ಬಂದಿದೆ ಎಂದು ನೆನಪಿಸಿ. ಇನ್ನೊಂದು ವಿನಂತಿ: ವಾರ್ಡಿನಲ್ಲಿ ಆ ಹಾಸಿಗೆಯ ಬಳಿ ದನಿ ತಗ್ಗಿಸಿ. ಅಲ್ಲಿ ಕೇಳಿದ ಒಂದು ಕುಹಕದ ಮಾತನ್ನು ಹೊತ್ತೇ ಎಷ್ಟೋ ಜನ ಮನೆಗೆ ಹೋಗುತ್ತಾರೆ.

ತಜ್ಞರು ದೂರ ಎಂಬ ಕೊರಗು ನಮಗಿದೆ. ಶೃಂಗೇರಿಯವರಿಗೆ ಶಿವಮೊಗ್ಗವೂ ದೂರ, ಚಿಕ್ಕಮಗಳೂರೂ ದೂರ. ಆದರೆ ಮನೋರೋಗ ಚಿಕಿತ್ಸೆಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತರಬಹುದು ಎಂದು ದೇಶಕ್ಕೆ ತೋರಿಸಿಕೊಟ್ಟದ್ದೇ ನಮ್ಮ ರಾಜ್ಯ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಸಹಾಯಕರಿಗೆ ತರಬೇತಿ ಕೊಟ್ಟು ನಡೆಸಿದ ಕೆಲಸವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಬರುವ ಮನೋಚೈತನ್ಯ ಯೋಜನೆ 2014ರಲ್ಲಿ ಶುರುವಾಯಿತು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅವರು ಯಾವ ದಿನ ಬರುತ್ತಾರೆಂದು ಕೇಳಿ, ಆ ದಿನವನ್ನು ಮಸೀದಿಯ ಫಲಕದಲ್ಲಿ ನಮಾಝ್ ವೇಳಾಪಟ್ಟಿಯ ಪಕ್ಕದಲ್ಲಿ ಬರೆದುಹಾಕಿ.

ಅದರ ಜೊತೆ ಒಂದು ಫೋನ್ ಸಂಖ್ಯೆ: 14416. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ದಿನದ 24 ಗಂಟೆಯೂ, ಉಚಿತ. ಕನ್ನಡದಲ್ಲೇ ಮಾತನಾಡಬಹುದು. ಮೊದಲು ತರಬೇತಿಯಾದ ಸಮಾಲೋಚಕರು, ಅಗತ್ಯವಿದ್ದರೆ ಮನೋವೈದ್ಯರು. 2025ರ ವೇಳೆಗೆ ದೇಶದಾದ್ಯಂತ 20 ಲಕ್ಷಕ್ಕೂ ಹೆಚ್ಚು ಕರೆಗಳು ಬಂದಿವೆ. ನೋವಿನಲ್ಲಿರುವವರೇ ಮಾಡಬೇಕೆಂದಿಲ್ಲ, ಅವರ ಬಗ್ಗೆ ಚಿಂತೆಯಿರುವ ನೀವೂ ಮಾಡಬಹುದು. ಪ್ರಾಣಕ್ಕೇ ಅಪಾಯವಿದ್ದರೆ ಮಾತ್ರ ಫೋನಿನಲ್ಲಿ ಹೊತ್ತು ಕಳೆಯದೆ 108ಕ್ಕೆ ಹೇಳಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಿ. ಸಿಗ್ನಲ್ ಸಿಗದ ಕಣಿವೆಯ ಮನೆಗಳಿಗೆ ಈ ಸಂಖ್ಯೆಗಳಿಂದ ಉಪಯೋಗ ಕಡಿಮೆ. ಅಲ್ಲಿಗೆ ಕಾಲ್ನಡಿಗೆಯ ಇಯಾದತ್ ಒಂದೇ ದಾರಿ.

ಸಾಲದ ಬಗ್ಗೆ ಹೆಂಗಸರಿಗೆ ಒಂದು ಮಾತು. ವಾರದ ಕಂತಿನ ಸಂಘಗಳಿಗೆ ನಿಮ್ಮ ಹೆಸರಿನಲ್ಲಿ ಸಹಿ ಹಾಕಿಸುತ್ತಾರೆ, ಹಣ ಬೇರೆ ಯಾರಿಗೋ ಹೋಗುತ್ತದೆ, ಬಾಗಿಲಿಗೆ ಬಂದು ಕೂರುವವರ ಮುಂದೆ ನಿಲ್ಲುವವರು ನೀವು. 2025ರ ಆರಂಭದಲ್ಲಿ ರಾಜ್ಯದ ಹಲವೆಡೆ ಇಂಥ ವಸೂಲಿಯ ಕಿರುಕುಳದ ನಂತರ ಸಾವುಗಳಾದಾಗ ಸರ್ಕಾರ ಫೆಬ್ರವರಿಯಲ್ಲಿ ಕಿರು ಸಾಲ, ಸಣ್ಣ ಸಾಲಗಳ ಬಲವಂತದ ಕ್ರಮ ತಡೆಯುವ ಅಧ್ಯಾದೇಶ ತಂದಿತು. ಬೆದರಿಕೆ, ಬಲಪ್ರಯೋಗಗಳಿಗೆ 10 ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ. ಸಾಲ ತೀರಿಸಬೇಕಾದದ್ದು ಹೌದು. ಅದಕ್ಕೆ ಮಾನ ಒತ್ತೆಯಿಡಬೇಕಾಗಿಲ್ಲ. ಬಾಗಿಲಲ್ಲಿ ಕೂಗಾಡಿದರೆ ಪೊಲೀಸರಿಗೆ ಹೇಳಿ, ಜಮಾಅತ್‌ಗೂ ಹೇಳಿ. ಝಕಾತ್ ಹಣ ಸಾಲದಲ್ಲಿ ಮುಳುಗಿದವರಿಗೂ ಸಲ್ಲುತ್ತದೆ ಎಂಬುದನ್ನು ನಮ್ಮ ಸಮಿತಿಗಳು ರಮ್‌ಝಾನ್‌ನಲ್ಲಿ ಮಾತ್ರ ನೆನಪಿಸಿಕೊಂಡರೆ ಸಾಲದು.

ವಿದ್ಯಾರ್ಥಿಗಳೇ, ನಿಮಗೆ ಹೇಳಬೇಕಾದದ್ದನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ನಿಮಗೆ ಭಾಷಣ ಹೇಳುವವರು ಬೇಕಾದಷ್ಟಿದ್ದಾರೆ. ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆದು ಉತ್ತಮ ಅಂಕವನ್ನು ಉಳಿಸಿಕೊಳ್ಳುವ ಅವಕಾಶ ಬಂದಿದೆ. ವರ್ಷ ಹೋಯಿತು ಎಂಬ ಮಾತು ಹಳೆಯದಾಯಿತು. ಹಾಸ್ಟೆಲಿನಲ್ಲಿ ನಿಮ್ಮ ಗೆಳೆಯ ಊಟ ಬಿಟ್ಟರೆ, ಇಷ್ಟದ ವಸ್ತುಗಳನ್ನೆಲ್ಲ ಹಂಚಲು ತೊಡಗಿದರೆ, ‘ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು’ ಎಂದರೆ, ಅದನ್ನು ಗುಟ್ಟಾಗಿ ಇಡಬೇಡಿ. ಗೆಳೆತನ ಮುರಿದರೂ ಸರಿ, ವಾರ್ಡನ್‌ಗೆ ಹೇಳಿ. ಯಾರಾದರೂ ಫೋಟೋ ಇಟ್ಟುಕೊಂಡು ಹೆದರಿಸುತ್ತಿದ್ದರೆ 1930ಕ್ಕೆ ದೂರು ಕೊಡಬಹುದು. ಹದಿನೆಂಟರೊಳಗಿನವರು 1098ಕ್ಕೆ ಕರೆ ಮಾಡಬಹುದು. ತಂದೆತಾಯಿಯರೇ, ಮಗಳು ಇಂಥ ವಿಷಯ ಹೇಳಿಕೊಂಡು ಬಂದಾಗ ನಿಮ್ಮ ಮೊದಲ ಮಾತು ಏನಾಗಿರುತ್ತದೆ ಎಂಬುದನ್ನು ಇವತ್ತೇ ಯೋಚಿಸಿಟ್ಟುಕೊಳ್ಳಿ. ಆ ಹೊತ್ತಿಗೆ ಯೋಚಿಸಲು ಸಮಯವಿರುವುದಿಲ್ಲ.

ಹೋದವರ ಮನೆಗಳೂ ನಮ್ಮ ಮೂರು ತಾಲ್ಲೂಕುಗಳಲ್ಲಿವೆ. ಬಹುಶಃ ಈ ಸಭೆಯಲ್ಲೂ ಅಂಥ ಮನೆಯವರು ಕುಳಿತಿದ್ದಾರೆ. ಅವರಲ್ಲಿ ಕಾರಣ ಕೇಳಬೇಡಿ. ತೀರಿಕೊಂಡವರ ಹೆಸರು ಹಿಡಿದು, ಅವರ ಒಳ್ಳೆಯ ಗುಣಗಳನ್ನು ನೆನೆದು ಮಾತನಾಡಿ. ಆ ಹೆಸರನ್ನು ಯಾರೂ ಎತ್ತುವುದಿಲ್ಲ ಎಂಬುದೇ ಅವರಿಗೆ ದೊಡ್ಡ ನೋವು. ಆ ಮನೆಯ ಮಕ್ಕಳ ಶುಲ್ಕದ ವಿಷಯ ಬಂದರೆ ಅರ್ಜಿ ಬರುವವರೆಗೆ ಕಾಯದೆ ಸಂಘದವರೇ ಹೋಗಿ ವಿಚಾರಿಸಲಿ.

ಹೊರಗೆ ಚಹಾ ತಯಾರಾಗಿದೆ ಎಂದು ಸನ್ನೆ ಮಾಡುತ್ತಿದ್ದಾರೆ. 14416 ಎಂಬುದನ್ನು ಹಿಂದಿನ ಕರಿಹಲಗೆಯ ಮೇಲೆ ಬರೆಸಿದ್ದೇನೆ, ಮಕ್ಕಳು ಗುರುತು ಹಾಕಿಕೊಳ್ಳಿ. ಎಲ್ಲರ ಮುಂದೆ ಪ್ರಶ್ನೆ ಕೇಳಲು ಸಂಕೋಚವಿರುವವರು ಕೇಳಬೇಕಾಗಿಲ್ಲ. ನಾನು ಮಗ್ರಿಬ್‌ವರೆಗೂ ಇಲ್ಲಿನ ವಾಚನಾಲಯದಲ್ಲಿ ಕುಳಿತಿರುತ್ತೇನೆ. ಬಾಗಿಲು ತೆರೆದಿರುತ್ತದೆ, ಒಬ್ಬೊಬ್ಬರೇ ಬನ್ನಿ.